ಬೆನ್ನು ಹೊಲಿಗೆ

ಡೇರೆ ಹೊಲಿಯುವ ಆ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದಿದ್ದ ಮುದುಕನನ್ನು ಎಲ್ಲರೂ ಬೆನ್ನಜ್ಜನೆಂದೇ ಕರೆಯುತ್ತಿದ್ದರು. ಡೇರೆಯ ಎರಡು ಇಳಿಜಾರುಗಳು ನೆತ್ತಿಯಲ್ಲಿ ಕೂಡುವಲ್ಲಿ ಬೀಳುವ ಉದ್ದನೆಯ ಹೊಲಿಗೆಗೆ ಬೆನ್ನು ಹೊಲಿಗೆಯೆಂದು ಹೆಸರು. ಉಳಿದ ಹೊಲಿಗೆಗಳನ್ನು ಯಾರು ಬೇಕಾದರೂ ಹಾಕಬಹುದಿತ್ತು. ಬೆನ್ನು ಮಾತ್ರ ಅವನ ಪಾಲಿನದು. ಅಗಲವಾದ ಮೇಜಿನ ಮೇಲೆ ಬಟ್ಟೆಯನ್ನು ಹಾಸಿ, ಎರಡು ಅಂಚುಗಳನ್ನು ಒಂದರೊಳಗೊಂದು ಮಡಿಸಿ, ಅಡಿಯಲ್ಲಿ ನೀರು ತಡೆಯುವ ಒಂದು ಪಟ್ಟಿಯನ್ನು ಕೊಟ್ಟು ಅವನು ಯಂತ್ರವನ್ನು ತುಳಿಯತೊಡಗಿದನೆಂದರೆ, ಈ ತುದಿಯಿಂದ ಆ ತುದಿಗೆ ಹೊಲಿಗೆ ಇರುವೆಸಾಲಿನಂತೆ ಹರಿಯುತ್ತಿತ್ತು.

ಆದರೆ ಒಂದು ವರ್ಷದಿಂದ ಅವನ ಕಣ್ಣು ಮಂಜಾಗಿತ್ತು. ಈ ಸಂಗತಿಯನ್ನು ಬಲ್ಲವರು ಇಬ್ಬರೇ, ಅವನು ಮತ್ತು ಭಗವಂತ. ಮೂರನೆಯವಳಾದ ಸೊಸೆಗೆ ಸಂಶಯವಿತ್ತು. ಅವಳೇ ಕಾರ್ಖಾನೆಯ ಮೇಸ್ತ್ರಿ. ಮನೆಯಲ್ಲಿ ತಲೆ ತಗ್ಗಿಸಿ ಊಟ ಬಡಿಸುವವಳು, ಕೆಲಸದ ಕೋಣೆಯಲ್ಲಿ ಮಾವನ ಹೊಲಿಗೆಯನ್ನೂ ದೀಪಕ್ಕೆ ಹಿಡಿದು ನೋಡುವವಳು. ಮುದುಕ ಸೂಜಿಗೆ ದಾರ ಪೋಣಿಸುವಾಗ ಮೂರು ಸಲ ತಪ್ಪಿದ್ದನ್ನು ಅವಳು ಕಂಡಿದ್ದಳು, ಕಂಡೂ ಕಾಣದವಳಂತೆ ಇದ್ದಳು.

ಆ ವರ್ಷ ಕೆಲಸಗಾರರೆಲ್ಲ ಕೂಡಿ ಉತ್ತರದ ಮಳೆನಾಡಿಗೆ ಪ್ರವಾಸ ಹೊರಡುವುದೆಂದು ನಿಶ್ಚಯವಾಯಿತು. ಹಿಂದಿನ ಪ್ರವಾಸಗಳಲ್ಲಿ ಛತ್ರವೋ ಹೋಟೆಲೋ ಸಿಗುತ್ತಿದ್ದುದರಿಂದ, ಸಾವಿರಾರು ಡೇರೆಗಳನ್ನು ಹೊಲಿದ ಆ ಮಂದಿಯಲ್ಲಿ ಒಬ್ಬರೂ ಡೇರೆಯೊಳಗೆ ಮಲಗಿದವರಲ್ಲ. ಹೊರಡುವ ಮುನ್ನಾದಿನ ಸೊಸೆ ಮಾವನ ಮೇಜಿನ ಬಳಿ ಬಂದು ನಿಂತಳು.

“ಮಾವ, ಈ ತಿಂಗಳು ನೀವು ಹೊಲಿದ ನಾಲ್ಕು ಡೇರೆ ತಗೊಂಡು ಹೋಗೋಣ. ಸೋರದೇ ಇದ್ರೆ ಬೆನ್ನು ನಿಮ್ಮ ಕೈಯಲ್ಲೇ ಇರುತ್ತೆ. ಸೋರಿದ್ರೆ ಬೇರೆಯವರಿಗೆ ಕೊಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.”

ಬೇಜಾರೇನೂ ಇಲ್ಲವೆಂದು ಅವನು ಹೇಳಿದನು. ಹೇಳಿದ ಮಾತಿಗೂ ಎದೆಯೊಳಗಿನ ಬಡಿತಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವಿತ್ತು.

ಬಸ್ಸು ಎರಡು ದಿನ ಉತ್ತರಕ್ಕೆ ಓಡಿತು. ದಾರಿಯುದ್ದಕ್ಕೂ ಮಳೆ. ಕಿಟಕಿಯಾಚೆಯ ಜಗತ್ತು ಮಜ್ಜಿಗೆಯಲ್ಲಿ ಅದ್ದಿದಂತೆ ಬೆಳ್ಳಗಿತ್ತು. ಆ ಬಿಳುಪು ಗಾಜಿನದೋ, ಮೋಡದ್ದೋ, ತನ್ನ ಕಣ್ಣಿನದೋ ಬೆನ್ನಜ್ಜನಿಗೆ ಬಗೆಹರಿಯಲಿಲ್ಲ. ಸರೋವರವೆಂದು ಇಳಿಸಿದ ಕಡೆ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂಬುದು ತಿಳಿಯಲಿಲ್ಲ. ಜಲಪಾತದ ಸದ್ದು ಎಡಗಡೆ ಕೇಳಿದರೆ ಜನ ಬಲಗಡೆಗೆ ಕೈ ತೋರಿಸಿದರು. ಪರ್ವತದ ಎದುರಿಗೆ ಒಂದು ಗಂಟೆ ನಿಂತಾಗ ಯಾರಿಗೂ ಏನೂ ಕಾಣಿಸಲಿಲ್ಲವೆಂದು ಎಲ್ಲರೂ ಗೊಣಗಿದರು. ಆಗ ಮುದುಕನಿಗೆ ಆದಷ್ಟು ಸಮಾಧಾನ ತೀರ್ಥಯಾತ್ರೆ ಮಾಡಿದವನಿಗೂ ಆಗಿರಲಾರದು. ಅಷ್ಟರಲ್ಲಿ ಬಟ್ಟೆ ಕತ್ತರಿಸುವವನು, ಅಂದರೆ ಕಾರ್ಖಾನೆಯ ಬಾಯಿಬಡುಕ ಕತ್ತರಿಯಣ್ಣ, ಅಗೋ ಶಿಖರ ಎಂದನು. ಎಲ್ಲರೂ ಹೌದು ಹೌದೆಂದರು. ಸೊಸೆಯೂ ಹೂಂಗುಟ್ಟಿದಳು. ಬೆನ್ನಜ್ಜನೂ ಬಿಳುಪಿನ ಕಡೆಗೆ ತಿರುಗಿ ತಲೆಯಾಡಿಸಿದನು.

ಮಧ್ಯಾಹ್ನ ಒಂದು ಹುಲ್ಲುಬಯಲಿನಲ್ಲಿ ಡೇರೆಗಳೆದ್ದವು. ಕಂಬಕ್ಕೆ ಬಿಗಿಯುವ ಸಣ್ಣ ದಾರಗಳು ಹೊರಗೆ ಜೋತಾಡುತ್ತಿದ್ದುವು. ಅವು ಯಾತಕ್ಕೆಂದು ಕೇಳಿದವರಿಗೆ ಕತ್ತರಿಯಣ್ಣ, ಮದುವೆಮನೆಗೆ ತೋರಣವಿರುವಂತೆ ಡೇರೆಗೆ ಇವು ಅಲಂಕಾರವೆಂದು ವಿವರಿಸಿದನು. ತಮ್ಮ ಕೈಯ ಕೆಲಸ ಹೀಗೆ ಎದ್ದು ನಿಂತದ್ದನ್ನು ಮೊದಲ ಬಾರಿಗೆ ಕಂಡು ಎಲ್ಲರೂ ಹಿಗ್ಗಿದರು. ಸೊಸೆ ಒಂದು ಸುತ್ತು ಬಂದು, ಮೇಜಿನ ಮೇಲೆ ಕಂಡಂತೆಯೇ ಇದೆ, ಎಲ್ಲವೂ ಸರಿಯಾಗಿದೆ ಎಂದಳು.

ಮಳೆ ಜೋರಾಯಿತು. ಅರ್ಧ ಗಂಟೆಯಲ್ಲಿ ಮೊದಲ ಹನಿ ಬೆನ್ನಜ್ಜನ ಮೂಗಿನ ಮೇಲೆ ಬಿತ್ತು. ಎರಡನೆಯದು ಸೊಸೆಯ ಕೈಮೇಲೆ. ಅವಳು ಒಂದು ಪಾತ್ರೆಯನ್ನು ತಂದು ಹನಿಯ ಕೆಳಗಿಟ್ಟಳು, ಒಣಗಿದ್ದ ಒಂದೇ ಕಂಬಳಿಯನ್ನು ಮಾವನಿಗೆ ಹೊದಿಸಿದಳು. ಬೈದಿದ್ದರೆ ವಾಸಿಯಿತ್ತು. ಪಕ್ಕದ ಡೇರೆಯಿಂದ ಕತ್ತರಿಯಣ್ಣನ ದನಿ ಬಂತು.

“ಬೆನ್ನಜ್ಜ, ಒಳಗೇ ಸ್ನಾನದ ಮನೆ ಇಟ್ಟಿದ್ದೀನಿ ಅಂತ ಮೊದ್ಲೇ ಹೇಳ್ಬಾರದಿತ್ತಾ? ಸೋಪು ತರ್ತಿದ್ವಲ್ಲ.”

“ಬಾಯಿ ಮುಚ್ಚೋ,” ಎಂದಳು ಡೇರೆಯ ತೂತುಗಳಿಗೆ ಹಿತ್ತಾಳೆಯ ಉಂಗುರಗಳನ್ನು ಬಡಿಯುವ ಅಕ್ಕ. “ಆ ಕೈ ಹೊಲಿದದ್ದು ಸೋರಲ್ಲ. ಈ ಊರಿನ ಮಳೆನೇ ನೆಟ್ಟಗಿಲ್ಲ.”

ನಾಲ್ಕು ಡೇರೆಗಳೂ ಸೋರುತ್ತಿದ್ದುವು, ನಾಲ್ಕೂ ನೆತ್ತಿಯಲ್ಲೇ. ಮುದುಕನು ಕುಳಿತಲ್ಲೇ ಆ ತಿಂಗಳ ಹೊಲಿಗೆಯನ್ನೆಲ್ಲ ಮನಸ್ಸಿನಲ್ಲಿ ಬಿಚ್ಚಿ ನೋಡಿದನು. ಮಡಿಕೆ ಬಿಟ್ಟೆನೋ? ಸಾಲು ಜಾರಿತೋ? ಒಂದು ತಪ್ಪಿದರೆ ಕಣ್ಣೆನ್ನಬಹುದು. ನಾಲ್ಕೂ ಒಂದೇ ತೆರನಾಗಿ ತಪ್ಪುವುದು ಹೇಗೆ? ಗಳಿಗೆಗಳು ಕಳೆದರೂ ಬೆಳಕು ಕುಂದಲಿಲ್ಲ. ಆ ಸೀಮೆಯಲ್ಲಿ ಸಂಜೆಯೆಂಬುದು ಮಾತು ಮುಗಿದ ಮೇಲೂ ಏಳದ ನೆಂಟನಂತೆ. ಹೊತ್ತು ತಿಳಿಯದು, ದಿಕ್ಕು ತಿಳಿಯದು, ತನ್ನ ಕೈ ತನಗೇ ತಿಳಿಯದು. ಕಂಬಳಿಯನ್ನು ಸರಿಸಿ ಅವನು ಮಳೆಗೆ ಹೊರಬಿದ್ದನು.

ಕಣ್ಣು ಮುಚ್ಚಿ, ಕೈಯೆತ್ತಿ, ಡೇರೆಯ ಬೆನ್ನ ಮೇಲೆ ಹೆಬ್ಬೆರಳಾಡಿಸಿದನು. ಮಡಿಕೆ ಸಿಕ್ಕಿತು. ಸಾಲು ನೆಟ್ಟಗಿತ್ತು, ದಾರದ ಗಂಟುಗಳು ಒಂದೊಂದೂ ಇದ್ದಲ್ಲೇ ಇದ್ದುವು. ಎಲ್ಲವೂ ಮೇಜಿನ ಮೇಲಿದ್ದಂತೆಯೇ. ಹಾಗಿದ್ದರೆ ನೀರು ಎಲ್ಲಿಂದ? ಮಡಿಕೆಯ ಬಾಯಲ್ಲಿ ಬೆರಳಿಟ್ಟನು. ಅಲ್ಲಿ ನೀರು ಕಾಲುವೆಯಲ್ಲಿ ನಿಂತಂತೆ ನಿಂತಿತ್ತು. ಬೆರಳು ಅಲ್ಲಿಯೇ ತಡೆಯಿತು. ಮೇಜಿನ ಮೇಲಿದ್ದಂತೆಯೇ? ಮೇಜಿನ ಮೇಲೆ ಬಟ್ಟೆಯ ಒಳಮುಖವನ್ನಲ್ಲವೇ ಮೇಲೆ ಮಾಡಿ ಹಾಸುವುದು, ಗಂಟು ನೋಡಲಿಕ್ಕೆಂದು? ಮಳೆಗೆ ಮೈಯೊಡ್ಡಬೇಕಾದ ಪಟ್ಟಿಯಿರುವುದು ಅಡಿಯಲ್ಲಲ್ಲವೇ? ಕಾರ್ಖಾನೆಯಿಂದ ಡೇರೆ ಹಾಗೆಯೇ ಮಡಿಸಿ ಹೋಗುತ್ತದೆ. ಕೊಂಡವರು ತಿರುವಿ ಹೂಡುತ್ತಾರೆ. ಇಷ್ಟು ವರ್ಷ ನೋಡಿ ನೋಡಿ ತಾವೆಲ್ಲರೂ ಒಳಮೈಯನ್ನೇ ಡೇರೆಯ ಮುಖವೆಂದು ನಂಬಿದ್ದರು.

ಅವನು ಸೊಸೆಯನ್ನು ಕರೆದು, ಅವಳ ಬೆರಳನ್ನು ಹಿಡಿದು ಮಡಿಕೆಯಲ್ಲಿಟ್ಟನು. ಅವಳು ಒಳಹೊಕ್ಕು ಪಟ್ಟಿಯನ್ನು ಮುಟ್ಟಿ, ಹೊರಬಂದು, ಜೋತಾಡುವ ದಾರಗಳನ್ನು ನೋಡಿ, ಹಣೆ ಚಚ್ಚಿಕೊಂಡಳು. ಎಲ್ಲರೂ ನೆನೆಯುತ್ತ ನಾಲ್ಕು ಡೇರೆಗಳನ್ನೂ ಕಳಚಿ, ತಿರುವಿ, ಮತ್ತೆ ಹೂಡಿದರು. ಅಲಂಕಾರದ ದಾರಗಳು ಒಳಗೆ ಸೇರಿ ಕಂಬಕ್ಕೆ ಬಿಗಿದುಕೊಂಡುವು. ಹೊರಮೈ ಒಳಗಿದ್ದು, ಇಷ್ಟು ಹೊತ್ತು ಡೇರೆಯ ಹೊರಗೇ ಕೂತಿದ್ದೆವೆಂದ ಮೇಲೆ ಸೋರಿತೆಂದು ದೂರುವುದು ಹೇಗೆಂದು ಕತ್ತರಿಯಣ್ಣ ನ್ಯಾಯ ತೆಗೆದನು.

ಹನಿ ನಿಂತಿತು. ಸೊಸೆ ಪಾತ್ರೆಯ ನೀರನ್ನು ಹೊರಗೆ ಚೆಲ್ಲಿ ಬಂದು ಕುಳಿತಳು. ಗೆದ್ದವನು ಸುಮ್ಮನಿರಬಹುದಿತ್ತು. ಆದರೆ ಡೇರೆ ತಿರುವುಮುರುವಾಗಿದ್ದುದು ತನ್ನ ಕಣ್ಣಿಗೂ ಬೀಳಲಿಲ್ಲವೆಂಬುದು ಮುದುಕನನ್ನು ಕೊರೆಯುತ್ತಿತ್ತು. ನೆಟ್ಟಗೆ ಕಾಣುವವರಿಗೂ ಬೀಳಲಿಲ್ಲವೆಂಬುದು ಇನ್ನಷ್ಟು ಗೊಂದಲಕ್ಕೆ ನೂಕಿತ್ತು.

“ಬೆಳಿಗ್ಗೆ ಆ ಶಿಖರ ನಂಗೆ ಕಾಣ್ಲಿಲ್ಲ ಕಣಮ್ಮ,” ಎಂದನು. “ಸೂಜಿ ಕಣ್ಣೂ ಕಾಣ್ತಿಲ್ಲ. ವರ್ಷ ಆಯ್ತು.”

“ಶಿಖರ ನಂಗೂ ಕಾಣ್ಲಿಲ್ಲ ಮಾವ. ಎಲ್ಲರೂ ಹೌದು ಅಂದ್ರು, ನಾನೂ ಅಂದೆ.” ಸೆರಗಿನಿಂದ ಕೈಯೊರಸಿಕೊಂಡಳು. “ದಾರ ನಾನು ಪೋಣಿಸಿಕೊಡ್ತೀನಿ. ಬೆನ್ನು ನಿಮ್ಮದೇ.”

ಅವಳು ನಿಜ ಹೇಳಿದಳೋ ಮಾವನ ಮರ್ಯಾದೆ ಕಾಯ್ದಳೋ ಅವನಿಗೆ ತಿಳಿಯಲಿಲ್ಲ. ಕೇಳಲೆಂದು ತಿರುಗಿದಾಗ ಅವಳು ಆಗಲೇ ಮಗ್ಗುಲಾಗಿದ್ದಳು. ಹೊರಗಿನ ಬೆಳಕು ಇಳಿಯುತ್ತಿದೆಯೋ ಏರುತ್ತಿದೆಯೋ ಹೇಳುವಂತಿರಲಿಲ್ಲ. ಅವನು ಅಂಗಾತ ಮಲಗಿ, ಕೈಯೆತ್ತಿ, ಮಳೆ ಬಡಿಯುತ್ತಿದ್ದ ಬೆನ್ನಿನ ಒಳಮಡಿಕೆಯನ್ನು ಮತ್ತೊಮ್ಮೆ ತಡವಿದನು. ಒಣಗಿತ್ತು.