ಗಿಣಿ, ತಾವರಿ ಮತ್ತು ಬೀಗರು

೧೯೬೧ರ ಏಪ್ರಿಲ್ ೧೬, ರವಿವಾರ, ಮುಂಜಾನೆ ಎಂಟೂವರೆ. ಬಸವನ ಬಾಗೇವಾಡಿಯ ನಮ್ಮ ಹಿತ್ತಲಲ್ಲಿ ಪಂದ್ಯ ಕಟ್ಟಿದ ಗಳಿಗೆ ಇದು, ಅಂದೇ ಬರೆದಿಟ್ಟಿದ್ದೆ.

ಅಣ್ಣನಿಗೂ ನನಗೂ ಕಡ್ಡಿಪೆಟ್ಟಿಗೆಯ ಚಿತ್ರ ಕೂಡಿಸುವ ಹುಚ್ಚು. ಖಾಲಿ ಪೆಟ್ಟಿಗೆಯನ್ನು ನೀರಲ್ಲಿ ನೆನೆಸಿ, ಚಿತ್ರ ಬಿಡಿಸಿ, ತಾಮ್ರದ ಕೊಡದ ಹೊಟ್ಟೆಗೆ ಅಂಟಿಸಿ ಒಣಗಿಸುತ್ತಿದ್ದೆವು. ಮೊದಲು ಸಿಕ್ಕದ್ದು ಗಿಣಿ ಛಾಪಿನದು. ಅಲ್ಲಿಂದ ನಮಗೆ ಚಿತ್ರಗಳೆಲ್ಲ ಗಿಣಿಗಳೇ: ಹುಲಿ ಗಿಣಿ, ದೀಪದ ಗಿಣಿ, ಆನೆ ಗಿಣಿ. ಒಂದೇ ಥರದವು ಎರಡು ಬಂದರೆ, ಹೆಚ್ಚಿನದು 'ಬೀಗರು'. ಆ ಹೆಸರಿಟ್ಟವಳು ಅಜ್ಜಿ. ನಮ್ಮ ಅದಲುಬದಲಿನ ಗದ್ದಲ ಕೇಳಿ, "ಕೊಡೂದು, ತರೂದು, ಜಗಳಾ ಮಾಡೂದು. ಬೀಗರ ಅಲ್ಲೇನ ಮತ್ತ?" ಅಂದಿದ್ದಳು.

ಗಿಣಿ, ಬೀಗರು ಎಂಬ ನಮ್ಮ ಈ ಎರಡು ಮಾತು ಊರೂರಿಗೆ ಹಬ್ಬುತ್ತವೆ ಎಂದು ನಾನು ಜಂಬ ಕೊಚ್ಚಿದೆ. "ಎರಡರಾಗ ಒಂದರೆ ಈ ಓಣಿ ದಾಟಿದ್ರ ನನ್ನ ರೈಲಿನ ಗಿಣಿ ನಿನಗ," ಎಂದ ಅಣ್ಣ. "ಆದ್ರ ನೀ ಮೊದಲು ಬಾಯಿ ಬಿಡಬಾರದು."

ಆ ರೈಲಿಗಾಗಿ ನಾನು ಹಪಹಪಿಸುತ್ತಿದ್ದೆ. ಮರುವಾರ ಇಬ್ಬರೂ ಮುದ್ದೇಬಿಹಾಳದ ಅತ್ತೆಯ ಮನೆಗೆ ಹೋದಾಗ, ಪಕ್ಕದ ಮನೆಯ ಹುಡುಗಿ ತನ್ನ ಚಿತ್ರಗಳನ್ನು ಚಾಪೆಯ ಮೇಲೆ ಹರಡಿದಳು. ನಾನು ತುಟಿ ಕಚ್ಚಿಕೊಂಡು ಕುಳಿತೆ.

"ಇದು ಹುಲಿ ತಾವರಿ, ಇದು ಗಡಿಯಾರದ ತಾವರಿ."

ಅವಳಿಗೆ ಮೊದಲು ಸಿಕ್ಕದ್ದು ತಾವರೆ ಛಾಪಿನದಂತೆ! ಅಣ್ಣ ಕಿಸಕ್ಕನೆ ನಕ್ಕ. ಅಷ್ಟರಲ್ಲಿ ಅವಳು ಇನ್ನೊಂದು ಕಟ್ಟು ಬಿಚ್ಚಿದಳು. "ಇವು ಬೀಗರು. ಬೇಕಾದ್ದು ತಗೊಳ್ರಿ, ನಿಮ್ಮವು ಕೊಡ್ರಿ."

ನಾನು ಹಾಕಿದ ಕೂಗಿಗೆ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದರು. "ಏನಾತ ಯವ್ವಾ, ಚೇಳು ಕಡೀತೇನು?"

"ಇಲ್ಲತ್ತಿ, ಗೆದ್ದೆ!"

ರೈಲನ್ನು ಊರಿಗೆ ಬಂದ ದಿನವೇ ಕಸಿದುಕೊಂಡೆ. ಅಣ್ಣ ಮಾತ್ರ ಇವತ್ತಿಗೂ ತಕರಾರು ಬಿಟ್ಟಿಲ್ಲ. ಆ ಹುಡುಗಿಗೆ 'ಬೀಗರು' ಎಂಬ ಮಾತು ಕಲಿಸಿದ್ದು ಇಂಡಿ ಊರಿನ ಅವಳ ಚಿಗವ್ವನಂತೆ. ನಮ್ಮ ಅಜ್ಜಿಯ ತವರೂ ಇಂಡಿ. "ಮಾತು ಇಂಡೀದು. ನಮ್ಮ ಓಣಿ ದಾಟಿಲ್ಲ, ಓಣಿಗೆ ಬಂದೈತಿ. ರೈಲು ತಾ," ಅನ್ನುತ್ತಾನೆ. ಅಜ್ಜಿಯನ್ನು ಕೇಳಿದರೆ, "ನಾ ಇಲ್ಲೇ ಅಂದ್ನೋ, ಅಲ್ಲೇ ಕೇಳಿದ್ನೋ, ಯಾರಿಗೆ ನೆನಪೈತಿ? ಹರಕೊಂಡು ಅರ್ಧರ್ಧ ಮಾಡ್ಕೊಳ್ರಿ," ಎಂದು ನಗುತ್ತಾಳೆ.

ಹರಿಯುವ ಮಾತೇ ಇಲ್ಲ. ಇಂಡಿಯಲ್ಲಿ ಕಡ್ಡಿಪೆಟ್ಟಿಗೆ ಚಿತ್ರ ಕೂಡಿಸಿದವರು ಯಾರಾದರೂ ಇದನ್ನು ಓದಿದರೆ, ಆ ಬೇಸಿಗೆಗೆ ಮೊದಲೇ ನೀವು ಹೆಚ್ಚಿನವಕ್ಕೆ ಬೀಗರು ಅನ್ನುತ್ತಿದ್ದಿರಾ ಎಂದು ಬರೆದು ತಿಳಿಸಿ. ಇಲ್ಲ ಎಂದಾದರೆ ಬೇಗ ಬರೆಯಿರಿ.