ಶಿಷ್ಯೆ ಕೇಳಿದ ಪ್ರಶ್ನೆ

ಕನಸಿನಲ್ಲಿ ಕೈಕಾಲು ಬಡಿಯುವವರಿಗೆ ಎಷ್ಟೋ ವರ್ಷಗಳ ಮೇಲೆ ನಡುಕದ ಕಾಯಿಲೆ ಬರಬಹುದು. ಇದರ ಸಂಶೋಧನೆಯಲ್ಲೇ ಆ ವಿಜ್ಞಾನಿ ಇಪ್ಪತ್ತಾರು ವರ್ಷ ಕಳೆದಿದ್ದರು. ತಲೆಗೆ ತಂತಿ ಅಂಟಿಸಿಕೊಂಡು ಪ್ರಯೋಗಾಲಯದಲ್ಲಿ ಮಲಗಿದ ಅಪರಿಚಿತರ ನಿದ್ದೆಯನ್ನು ರಾತ್ರಿಯಿಡೀ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಬೆಳಗ್ಗೆ ಮನೆ ಸೇರುವ ಹೊತ್ತಿಗೆ ಮೇಷ್ಟರಾಗಿದ್ದ ಗಂಡ ಶಾಲೆಗೆ ಹೊರಟು ನಿಂತಿರುತ್ತಿದ್ದರು.

ಈಗ ಗಂಡನ ಬಲಗೈ ನಡುಗತೊಡಗಿತ್ತು. ಪರೀಕ್ಷಿಸಿದ ವೈದ್ಯೆ ವಿಜ್ಞಾನಿಯ ಹಳೆಯ ಶಿಷ್ಯೆ. ತನಗೆ ಅವರೇ ಕಲಿಸಿದ್ದ ಪ್ರಶ್ನೆಯನ್ನು ಅಳುಕುತ್ತಲೇ ಕೇಳಿದಳು: "ಮೇಡಂ, ಸರ್ ನಿದ್ದೇಲಿ ಕೂಗ್ತಾರಾ? ಕೈಕಾಲು ಬಡೀತಾರಾ?"

ವಿಜ್ಞಾನಿ ಗಂಡನತ್ತ ತಿರುಗಿ ನೋಡಿದರು. "ಗೊತ್ತಿಲ್ಲಮ್ಮ. ರಾತ್ರಿ ನಾನು ಮನೇಲೇ ಇರ್ತಿರ್ಲಿಲ್ಲ."

"ಬಡೀತಿದ್ದೆ," ಎಂದರು ಗಂಡ ಮೆಲ್ಲಗೆ. "ಹತ್ತು ವರ್ಷದ ಹಿಂದೆ ಕನಸಲ್ಲಿ ನಾಯಿ ಓಡಿಸೋಕೆ ಹೋಗಿ ಗೋಡೆಗೆ ಗುದ್ದಿದ್ದೆ. ಬೆಳಗ್ಗೆ ಊದಿದ ಬೆರಳು ತೋರಿಸಿದ್ದೆ, ನೆನಪಿದ್ಯಾ? ಮಂಚ ಆಚೆ ಸರಿಸ್ಕೊಳ್ಳಿ ಅಂತ ನಕ್ಕು, ಮಲಗೋಕೆ ಹೋದೆ ನೀನು."

ನೆನಪಿತ್ತು. ಆಗಲೇ ಗೊತ್ತಾಗಿದ್ದರೂ ಕಾಯಿಲೆ ತಡೆಯುವ ಮದ್ದು ಇರಲಿಲ್ಲವೆಂದು ಶಿಷ್ಯೆ ಸಮಾಧಾನ ಹೇಳಿದಳು. ಅದು ನಿಜವೇ. ಆದರೆ ಕೈ ಗಟ್ಟಿಯಿದ್ದ ಆ ಹತ್ತು ವರ್ಷವನ್ನಾದರೂ ಜೊತೆಯಲ್ಲಿ ಕಳೆಯಬಹುದಿತ್ತಲ್ಲ ಎಂದುಕೊಂಡರು ವಿಜ್ಞಾನಿ.

ಆ ವಾರವೇ ಅವರು ರಾತ್ರಿಪಾಳಿ ಬಿಟ್ಟರು. ಗಂಡನ ಪಕ್ಕ ಮಲಗಿದರೂ, ಹಗಲು ನಿದ್ದೆಗೆ ಒಗ್ಗಿದ್ದ ಅವರಿಗೆ ಬೆಳಗಾಗುವವರೆಗೂ ಕಣ್ಣು ಹತ್ತುತ್ತಿರಲಿಲ್ಲ.