ದೊಡ್ಡವ್ವ ತೊಳೆದ ಎಮ್ಮೆ

ಮೊನ್ನೆ ಬಟ್ಟೆ ಪುಡಿಯ ಪೊಟ್ಟಣ ಕತ್ತರಿಸಿದೆ. ನಿಂಬೆಹಣ್ಣಿನ ಆ ಸುಳ್ಳು ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ನಮ್ಮೂರು ಪುರವರದ ಬೀದಿ, ಪಕ್ಕದ ಮನೆಯ ದೊಡ್ಡವ್ವ, ಅವಳ ಎಮ್ಮೆ... ಎಲ್ಲ ಒಟ್ಟಿಗೆ ನೆನಪಾದವು.

ದೊಡ್ಡವ್ವ ಎಮ್ಮೆಗೆ ಸೋಪು ಮುಟ್ಟಿಸಿದವಳೇ ಅಲ್ಲ. ನೀರು ಸುರಿದು ಒಂದು ಹಿಡಿ ಹುಲ್ಲಿನಿಂದ ಉಜ್ಜಿದರೆ ಮುಗಿಯಿತು. ಬೀದಿಯ ಉಳಿದವರೆಲ್ಲ ಎಮ್ಮೆಗೂ ಶಾಂಪೂ ಹಾಕುವ ಕಾಲ ಬಂದಿತ್ತು. ಕೊಳಕು ಎಮ್ಮೆ ಎಂದು ಮೂಗು ಮುರಿದು, ಒಬ್ಬೊಬ್ಬರಾಗಿ ಅವಳ ಹಾಲು ಕೊಳ್ಳುವುದನ್ನೇ ಬಿಟ್ಟರು. ಆ ಹಾಲೇ ಅವಳ ಬದುಕಾಗಿತ್ತು. ನಮ್ಮ ಬೀದಿಯ ಶುಚಿಗಿಷ್ಟು ಬೆಂಕಿ ಹಾಕ!

ಒಂದು ವರ್ಷ ಊರಿನ ಎಮ್ಮೆಗಳಿಗೆಲ್ಲ ಕಜ್ಜಿ ಹತ್ತಿತು, ಅವಳ ಎಮ್ಮೆಗೆ ಹತ್ತಲಿಲ್ಲ. ಸುದ್ದಿ ಪಶು ಆಸ್ಪತ್ರೆಯಿಂದ ಯಾವುದೋ ಕಾಲೇಜಿಗೆ ಮುಟ್ಟಿ, ಅಲ್ಲಿಂದ ಒಬ್ಬರು ಮೇಡಂ ಬಂದರು. ಚರ್ಮದ ಮೇಲೆ ಬದುಕುವ ಕೆಲವು ಬ್ಯಾಕ್ಟೀರಿಯಾ ತಾವೇ ಸೋಪಿನಂಥ ಪದಾರ್ಥ ಮಾಡಿ ಕೆಟ್ಟ ಕ್ರಿಮಿಗಳನ್ನು ದೂರ ಇಡುತ್ತವೆ, ಈ ಎಮ್ಮೆಯ ಮೈಯನ್ನು ಹತ್ತಿಯಲ್ಲಿ ಒರೆಸಿ ಪರೀಕ್ಷಿಸಬೇಕು ಎಂದರು.

"ಮುಂದಿನ ವಾರ ಬರ್ತೀವಿ. ಅಲ್ಲಿವರೆಗೂ ಮೈ ತೊಳೀಬೇಡಿ ಅಜ್ಜಿ."

ಆ ವಾರವೆಲ್ಲ ದೊಡ್ಡವ್ವ ತಲೆ ಎತ್ತಿ ನಡೆದಳು. "ನನ್ನೆಮ್ಮೆ ಕೊಳಕೋ ಅಲ್ವೋ, ಕಾಲೇಜ್ನೋರೇ ಹೇಳ್ತಾರೆ ಬುಡು. ಆಮ್ಯಾಕೆ ಎಲ್ರೂ ಹಾಲ್ಗೆ ಚೊಂಬು ಹಿಡ್ಕಂಡ್ ಬತ್ತಾರೆ ಕಣ್ಲಾ," ಎಂದಳು ನನ್ನ ಹತ್ತಿರ.

ಅವರು ಬರುವ ದಿನ ಬೆಳಗ್ಗೆ ನಲ್ಲಿಯ ಬಳಿ ಯಾರೋ ನಕ್ಕರಂತೆ. "ಇಂಗೆ ಸಗಣಿ ಮೆತ್ಕಂಡಿರೋ ಎಮ್ಮೆನಾ ಮೇಡಂಗೆ ತೋರ್ಸೋದು? ಊರ ಮಾನ ಕಳೀಬ್ಯಾಡ ಕಣಮ್ಮ."

ನೆಂಟರು ಬರುತ್ತಾರೆಂದರೆ ಅಂಗಳ ಸಾರಿಸಿ ಕಾಯುವ ಹೆಂಗಸು ಅವಳು... ತಡೆಯಲಾಗಲಿಲ್ಲ. ಬಟ್ಟೆ ಪುಡಿ ಕಲಸಿ, ತೆಂಗಿನ ನಾರು ಹಿಡಿದು ಕೊಂಬಿನಿಂದ ಬಾಲದವರೆಗೂ ತಿಕ್ಕಿ, ಹಣೆಗೆ ಕುಂಕುಮ ಇಟ್ಟು ಎಮ್ಮೆಯನ್ನು ನಿಲ್ಲಿಸಿದಳು.

ಮೇಡಂ ಹತ್ತಿರ ಹೋದವರೇ ನಿಂಬೆ ವಾಸನೆಗೆ, "ತೊಳೆದ್ಬಿಟ್ರಾ ಅಜ್ಜಿ?" ಎಂದರು. ಆದರೂ ಒರೆಸಿಕೊಂಡು ಹೋದರು. ಏನೂ ಸಿಗಲಿಲ್ಲವೆಂದು ಆಸ್ಪತ್ರೆಗೆ ಫೋನು ಬಂತು. ಮತ್ತೆ ಅವರು ಈ ಕಡೆ ತಲೆ ಹಾಕಲಿಲ್ಲ. ಕಾಲೇಜಿನವರಿಗೂ ಬೇಡವಾದ ಎಮ್ಮೆ ಎಂದು ಬೀದಿ ಆಡಿಕೊಂಡಿತು. ಆ ಬೇಸಿಗೆಯಲ್ಲಿ ದೊಡ್ಡವ್ವ ಅದನ್ನು ಮಾರಿದಳು. ಹಗ್ಗ ಕೊಡುವಾಗ ಕೊಂಡವನಿಗೆ ಒಂದೇ ಮಾತು ಹೇಳಿದಳು: "ಸೋಪ್ ಹಾಕ್ಬ್ಯಾಡಪ್ಪ."

ಆಮೇಲೆ ಅವಳು ಬಹಳ ದಿನ ಬದುಕಲಿಲ್ಲ. ಹೆಣಕ್ಕೆ ಸ್ನಾನ ಮಾಡಿಸಲು ಅದೇ ಬೀದಿಯ ಹೆಂಗಸರು ಹೊಸ ಸೋಪು ಬಿಚ್ಚಿ ತಂದಿದ್ದರು. ಚೆನ್ನಾಗಿ ಉಜ್ಜಿದರು.

ಪೊಟ್ಟಣವನ್ನು ಹೆಂಡತಿಯ ಕೈಗೆ ಕೊಟ್ಟು ಕೈ ತೊಳೆದುಕೊಂಡೆ. ಬರೀ ನೀರಿನಲ್ಲಿ.